ಸಣ್ಣ ವಿಮಾನದಲ್ಲಿ ಜಿಪಿಎಸ್ ಕೈಕೊಟ್ಟಾಗ ದೋಷವನ್ನು ಹುಡುಕುವ ಕ್ರಮ

ಸೆಸ್ನಾ 172ರಂಥ ತರಬೇತಿ ವಿಮಾನ ಹಾರಾಟ ಮುಗಿಸಿ ಬಂದ ಮೇಲೆ ‘ಜಿಪಿಎಸ್ ಆಗಾಗ ಹೋಗುತ್ತದೆ’ ಎಂಬ ಒಂದೇ ಸಾಲಿನ ಸ್ನ್ಯಾಗ್ (ದೋಷದ ದೂರು) ಬರೆದಿದ್ದರೆ, ದುರಸ್ತಿ ಮಾಡುವವರ ಕೈ ಮೊದಲು ಪ್ಯಾನೆಲ್‌ನಲ್ಲಿರುವ ರಿಸೀವರ್‌ನತ್ತಲೇ ಹೋಗುತ್ತದೆ. ಅದನ್ನು ಕಟ್ಟಕಡೆಗೆ ಮುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಮಾರು 20,200 ಕಿ.ಮೀ. ಎತ್ತರದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಇಳಿದು ಬರುವ ಸಂಕೇತವು ಆಂಟೆನಾ ಮುಟ್ಟುವ ಹೊತ್ತಿಗೆ ಅತ್ಯಂತ ಕ್ಷೀಣವಾಗಿರುವುದರಿಂದ, ಅದನ್ನು ಕೆಡಿಸಲು ಕೊಳೆ ಹಿಡಿದ ಒಂದು ಕನೆಕ್ಟರ್ ಅಥವಾ ಪಕ್ಕದ ಒಂದು ರೇಡಿಯೊ ಸಾಕು.

ಆಕಾಶದಲ್ಲಿರುವಾಗ ಪೈಲಟ್ ದೋಷ ಹುಡುಕಲು ಕೂರಬಾರದು. ನೆಲದ ರೇಡಿಯೊ ಕೇಂದ್ರದಿಂದ ದಿಕ್ಕು ತಿಳಿಸುವ ವಿಓಆರ್ ಮತ್ತು ನಕ್ಷೆಯನ್ನು ನೆಚ್ಚಿಕೊಂಡು, ಎಟಿಸಿಗೆ (ವಾಯು ಸಂಚಾರ ನಿಯಂತ್ರಕರಿಗೆ) ತಿಳಿಸಿ, ಹಾರಾಟವನ್ನು ಮುಂದುವರಿಸಬೇಕು. ಆದರೆ ಸಂಕೇತ ಹೋದ ಗಳಿಗೆಯಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಮಾತನಾಡುತ್ತಿದ್ದರು, ವಿಮಾನ ಯಾವ ಕಡೆ ವಾಲಿತ್ತು, ಮೊಬೈಲ್ ಚಾರ್ಜರ್ ಅಥವಾ ಕ್ಯಾಮೆರಾ ಚಾಲೂ ಇತ್ತೇ ಎಂಬಷ್ಟನ್ನು ನೆನಪಿಟ್ಟುಕೊಂಡು ಬಂದು ಬರೆದರೆ ಎಂಜಿನಿಯರ್‌ನ ಅರ್ಧ ಕೆಲಸ ಮುಗಿದಂತೆ. ಆ ಪ್ರದೇಶಕ್ಕೆ ಜಿಪಿಎಸ್ ಅಡಚಣೆಯ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಇತ್ತೇ ಎಂಬುದನ್ನೂ ನೋಡಬೇಕು. ಇದ್ದರೆ ವಿಮಾನದಲ್ಲಿ ದೋಷವೇ ಇಲ್ಲದಿರಬಹುದು.

ಪರೀಕ್ಷೆಯನ್ನು ಹ್ಯಾಂಗರ್‌ನ ತಗಡಿನ ಚಾವಣಿಯ ಕೆಳಗೆ ಮಾಡಿ ಪ್ರಯೋಜನವಿಲ್ಲ. ವಿಮಾನವನ್ನು ಬಯಲಿಗೆ ತಳ್ಳಿ, ಚಾರ್ಜರ್‌ಗಳನ್ನೆಲ್ಲ ಕಿತ್ತು, ರಿಸೀವರನ್ನು ಚಾಲೂ ಮಾಡಿ ಕಾಯಬೇಕು. ಬಹಳ ದಿನ ನಿಂತಿದ್ದ ವಿಮಾನವಾದರೆ ಕಾಲು ಗಂಟೆ ಕೊಡಿ, ಏಕೆಂದರೆ ಉಪಗ್ರಹಗಳ ಪಂಚಾಂಗದಂತಿರುವ ಆಲ್ಮನಾಕ್ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಅನಂತರ ಉಪಗ್ರಹಗಳ ಸ್ಥಿತಿ ತೋರಿಸುವ ಪುಟವನ್ನು ತೆರೆಯಿರಿ. ಸ್ಥಾನ ತಿಳಿಯಲು ಕನಿಷ್ಠ 4 ಉಪಗ್ರಹಗಳು ಬೇಕು, ಆ ಸ್ಥಾನವನ್ನು ರಿಸೀವರ್ ತಾನೇ ಪರಿಶೀಲಿಸಿಕೊಳ್ಳುವ ರೇಮ್‌ಗೆ 5 ಬೇಕು. ದಿನಾಂಕವನ್ನೂ ನೋಡಿ. 2019ರ ಏಪ್ರಿಲ್‌ನಲ್ಲಿ ಜಿಪಿಎಸ್‌ನ 1024 ವಾರಗಳ ಲೆಕ್ಕ ಮತ್ತೆ ಸೊನ್ನೆಗೆ ಬಂದಾಗ, ಸಾಫ್ಟ್‌ವೇರ್ ನವೀಕರಿಸದ ಕೆಲವು ಹಳೆಯ ರಿಸೀವರ್‌ಗಳು ದಿನಾಂಕವನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸತೊಡಗಿದವು.

ಆ ಪುಟದಲ್ಲಿ ಒಂದೊಂದು ಉಪಗ್ರಹದ ಸಂಕೇತದ ಬಲವನ್ನು ತೋರಿಸುವ ಉದ್ದನೆಯ ಪಟ್ಟಿಗಳನ್ನು ಓದಲು ಕಲಿಯುವುದೇ ಈ ಕೆಲಸದ ಜೀವಾಳ. ಎಲ್ಲ ಪಟ್ಟಿಗಳೂ ಸದಾ ಗಿಡ್ಡವಾಗಿದ್ದರೆ ಆಂಟೆನಾ ಅಥವಾ ಕೇಬಲ್‌ನ ಮೇಲೆ ಅನುಮಾನ ಪಡಬೇಕು. ಆಕಾಶದ ಒಂದು ಮಗ್ಗುಲಿನವು ಮಾತ್ರ ಗಿಡ್ಡವಾಗಿದ್ದರೆ ಆ ಕಡೆ ಏನೋ ಅಡ್ಡವಾಗಿದೆ. ಚೆನ್ನಾಗಿ ನಿಂತಿದ್ದವೆಲ್ಲ ಒಮ್ಮೆಲೇ ಕುಸಿದು ಮತ್ತೆ ಎದ್ದರೆ ಅದು ವಿಮಾನದೊಳಗಿನ ಅಥವಾ ಹೊರಗಿನ ರೇಡಿಯೊ ಅಡಚಣೆ.

ಈ ಮೂರನೆಯದೇ ಹೆಚ್ಚು ಸತಾಯಿಸುವಂಥದ್ದು. ಮಾತನಾಡುವ ವಿಎಚ್‌ಎಫ್ ರೇಡಿಯೊ ತನ್ನ ಫ್ರೀಕ್ವೆನ್ಸಿಯ ಜೊತೆಗೆ ಅದರ ಗುಣಕಗಳನ್ನೂ ಅಲ್ಪಸ್ವಲ್ಪ ಹೊರಸೂಸುತ್ತದೆ. 121.175 ಮೆಗಾಹರ್ಟ್ಸನ್ನು 13ರಿಂದ ಗುಣಿಸಿದರೆ 1575.275, 131.275ನ್ನು 12ರಿಂದ ಗುಣಿಸಿದರೆ 1575.3, ಎರಡೂ ಜಿಪಿಎಸ್‌ನ ಮನೆಬಾಗಿಲಲ್ಲೇ ಬಂದು ನಿಲ್ಲುತ್ತವೆ. ಆದ್ದರಿಂದ 121.150, 121.175, 121.200, 131.250, 131.275, 131.300 ಈ ಆರರಲ್ಲಿ ಒಂದೊಂದರಲ್ಲೂ, ಟವರ್‌ನ ಅನುಮತಿ ಪಡೆದು, ಯಾರೂ ಮಾತನಾಡುತ್ತಿಲ್ಲವೆಂದು ಕೇಳಿಸಿಕೊಂಡು, ಅರ್ಧ ನಿಮಿಷದಷ್ಟು ಮೈಕಿನ ಗುಂಡಿ ಒತ್ತಿ ಹಿಡಿದು ಪಟ್ಟಿಗಳನ್ನು ನೋಡುತ್ತಿರಬೇಕು. ಎರಡು ರೇಡಿಯೊ ಇದ್ದರೆ ಎರಡರಲ್ಲೂ ಮಾಡಬೇಕು.

ನಾನು ನೋಡಿದ ಒಂದು ವಿಮಾನದಲ್ಲಿ ರಿಸೀವರನ್ನು ಎರಡು ಸಲ ಬದಲಿಸಿದ್ದರೂ ಸ್ನ್ಯಾಗ್ ಮರುಕಳಿಸುತ್ತಲೇ ಇತ್ತು. ಗುಂಡಿ ಒತ್ತಿದ ಮೂರು ನಾಲ್ಕು ಸೆಕೆಂಡಿಗೆ ಒಂಬತ್ತು ಪಟ್ಟಿಗಳೂ ಗಾಳಿಗೆ ದೀಪ ಆರಿದಂತೆ ಬಿದ್ದವು. ಬಾಲದ ಬಳಿಯಿದ್ದ, ಅಪಘಾತವಾದಾಗ ತುರ್ತು ಸಂಕೇತ ಕಳಿಸುವ ಹಳೆಯ ಇಎಲ್‌ಟಿಯ ಆಂಟೆನಾ ಕೇಬಲನ್ನು ಕಳಚಿ ಮತ್ತೆ ಒತ್ತಿದಾಗ ಒಂದೂ ಅಲುಗಲಿಲ್ಲ. ತಾನಾಗಿ ಏನನ್ನೂ ಪ್ರಸಾರ ಮಾಡದಿದ್ದರೂ ಇಎಲ್‌ಟಿಯ ಸರ್ಕಿಟ್ ರೇಡಿಯೊದ ಅಲೆಯನ್ನು ಹೀರಿಕೊಂಡು, ಅದರ ಗುಣಕಗಳನ್ನು ಮರುಪ್ರಸಾರ ಮಾಡುತ್ತಿತ್ತು. ಇಂಥಲ್ಲಿ ಆ ಕೇಬಲ್‌ಗೆ ಅನುಮೋದಿತ ನಾಚ್ ಫಿಲ್ಟರ್ (ಕಾಡುವ ಫ್ರೀಕ್ವೆನ್ಸಿಯನ್ನು ತಡೆಯುವ ಬಿಡಿಭಾಗ) ಹಾಕುವುದು ಅಥವಾ ಇಎಲ್‌ಟಿಯನ್ನೇ ಬದಲಿಸುವುದು ಪರಿಹಾರ. ಕೇಬಲ್ ಕಳಚಿದ್ದು ಪರೀಕ್ಷೆಗೆ ಮಾತ್ರ, ಹಾಗೆಯೇ ಬಿಟ್ಟು ಹಾರುವಂತಿಲ್ಲ.

ಎಲ್ಲ ಪಟ್ಟಿಗಳೂ ಗಿಡ್ಡವಾಗಿದ್ದಲ್ಲಿ, ವಿದ್ಯುತ್ ಆರಿಸಿದ ಮೇಲೆ ಆಂಟೆನಾವನ್ನು ಬಿಚ್ಚಿ ಕನೆಕ್ಟರ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಳೆಗಾಲ ಕಳೆದ ಮೇಲೆ ಗ್ಯಾಸ್ಕೆಟ್‌ನಡಿ ನೀರು ಇಳಿದು ನಡುವಿನ ಪಿನ್ನಿನ ಸುತ್ತ ಹಸಿರು ಪುಡಿ ಕಟ್ಟಿರುವುದುಂಟು. ಒಳಗೆ ಆಂಪ್ಲಿಫೈಯರ್ ಇರುವ ಆಂಟೆನಾಗೆ ರಿಸೀವರ್ ಇದೇ ಕೇಬಲ್ ಮೂಲಕ ಸುಮಾರು 5 ವೋಲ್ಟ್ ಕೊಡುತ್ತದೆ. ಆದ್ದರಿಂದ ರಿಸೀವರ್ ಚಾಲೂ ಮಾಡಿ ಆಂಟೆನಾ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಕೈಪಿಡಿಯಲ್ಲಿರುವಷ್ಟು ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಬಹುದು. ಪಿನ್ನು ಹೊರಗವಚಕ್ಕೆ ತಾಗಿ ಶಾರ್ಟ್ ಆಗದಂತೆ ಎಚ್ಚರವಿರಲಿ. ಆಂಟೆನಾದ ಮೇಲೆ ಬಣ್ಣ ಬಳಿದಿದ್ದರೆ ಅದೂ ಸಂಕೇತವನ್ನು ತಿನ್ನುತ್ತದೆ. ಜಿ1000 ಎಂಬ ಡಿಜಿಟಲ್ ಪ್ಯಾನೆಲ್ ಇರುವ ವಿಮಾನದಲ್ಲಿ ಎರಡು ಜಿಪಿಎಸ್‌ಗಳಿರುವುದರಿಂದ ಒಂದರ ಪಟ್ಟಿಗಳನ್ನು ಇನ್ನೊಂದರ ಜೊತೆ ಹೋಲಿಸಿದರೆ ಕೆಲಸ ಸುಲಭ.

ಸಂಕೇತವೆಲ್ಲ ಸರಿಯಿದ್ದೂ ನಿಖರತೆ ಮಾತ್ರ ಸಾಲದಿದ್ದರೆ, ಜಿಪಿಎಸ್‌ನ ತಪ್ಪನ್ನು ಬೇರೆ ಉಪಗ್ರಹಗಳ ಮೂಲಕ ತಿದ್ದುವ ಎಸ್‌ಬಿಎಎಸ್ ವ್ಯವಸ್ಥೆಯ ಸೆಟ್ಟಿಂಗ್ ನೋಡಿ. ಅಮೆರಿಕದಿಂದ ಬಂದ ಉಪಕರಣದಲ್ಲಿ ಅಲ್ಲಿನ ವಾಸ್ ಮಾತ್ರ ಆಯ್ಕೆಯಾಗಿದ್ದು, ಬೆಂಗಳೂರಿನಲ್ಲಿ ನಿಯಂತ್ರಣ ಕೇಂದ್ರವಿರುವ ನಮ್ಮ ಗಗನ್ ಆಫ್ ಆಗಿರಬಹುದು.

ದುರಸ್ತಿಯ ನಂತರ ಅದೇ ಬಯಲಿನಲ್ಲಿ, ಅದೇ ಆರು ಫ್ರೀಕ್ವೆನ್ಸಿಗಳಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿ, ಯಾವ ಫ್ರೀಕ್ವೆನ್ಸಿಗೆ ಎಷ್ಟು ಉಪಗ್ರಹಗಳು ಉಳಿದವು ಎಂಬುದನ್ನು ಲಾಗ್‌ಬುಕ್‌ನಲ್ಲಿ ಅಂಕಿಗಳಲ್ಲೇ ಬರೆದು, ಲೈಸೆನ್ಸ್ ಇರುವ ಎಂಜಿನಿಯರ್‌ನ ಸಹಿ ಆದ ಮೇಲೆಯೇ ವಿಮಾನವನ್ನು ಹಾರಾಟಕ್ಕೆ ಬಿಡಬೇಕು.