ಪಿಯಾನೊ ಕಛೇರಿ: ಎಂಟು ವಾರದ ತಯಾರಿ

ವೀಣೆಯವರು ತಮ್ಮ ವೀಣೆಯನ್ನು ತಾವೇ ತರುತ್ತಾರೆ. ಪಿಟೀಲಿನವರು ಪೆಟ್ಟಿಗೆ ಹಿಡಿದೇ ಬರುತ್ತಾರೆ. ಪಿಯಾನೊದವರಿಗೆ ಆ ಭಾಗ್ಯ ಇಲ್ಲ, ವೇದಿಕೆ ಮೇಲೆ ಏನಿದೆಯೋ ಅದನ್ನೇ ನುಡಿಸಬೇಕು. ಮೈಸೂರು, ಮಂಡ್ಯದ ಕಡೆ ಈ ತೊಡಕು ಇನ್ನೂ ಹೆಚ್ಚು. ಮನೆಯಲ್ಲಿ ಡಿಜಿಟಲ್ ಕೀಬೋರ್ಡ್ ಮೇಲೆ ಕಲಿತ ಮಗು ಶಾಲೆಯೊಂದರ ಹಳೇ ಅಪ್‌ರೈಟ್ (ಬೀರುವಿನಂತೆ ನೆಟ್ಟಗೆ ನಿಲ್ಲುವ) ಪಿಯಾನೊ ಮುಂದೆ ಕೂರಬೇಕಾಗಬಹುದು. ಮನೆಯಲ್ಲಿ ಒಳ್ಳೆಯ ಪಿಯಾನೊ ಇರುವವರಿಗೆ ಕಲ್ಯಾಣ ಮಂಟಪದಲ್ಲಿ ಬಾಡಿಗೆ ಕೀಬೋರ್ಡ್ ಎದುರಾಗಬಹುದು. ಆದ್ದರಿಂದ ದಿನಾಂಕ ಗೊತ್ತಾದ ಕೂಡಲೇ ಆಯೋಜಕರನ್ನು ಕೇಳಬೇಕಾದ್ದು ಒಂದೇ: ವೇದಿಕೆಯಲ್ಲಿರುವುದು ಗ್ರ್ಯಾಂಡೋ (ತಂತಿಗಳು ಅಡ್ಡಲಾಗಿ ಮಲಗಿರುವ ದೊಡ್ಡ ಪಿಯಾನೊ), ಅಪ್‌ರೈಟೋ, ಕೀಬೋರ್ಡೋ? ಉಳಿದ ತಯಾರಿಯೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಕೃತಿಗಳ ಆಯ್ಕೆ

ಎಂಟು ವಾರ ಇರುವಾಗ ಹೊಸ ಕೃತಿ ಶುರು ಮಾಡಬೇಡಿ. ಈಗಾಗಲೇ ಕೈಗೆ ಬಂದಿರುವುದನ್ನೇ ಆರಿಸಿ. ಮೊದಲ ಕೃತಿ ನಿಧಾನದ್ದೋ ಮಧ್ಯಮ ಗತಿಯದ್ದೋ ಇರಲಿ, ಏಕೆಂದರೆ ಹೊಸ ವಾದ್ಯದ ಕೀಗಳು ಎಷ್ಟು ಭಾರ ಎಂದು ಬೆರಳಿಗೆ ತಿಳಿಯಲು ಒಂದೆರಡು ನಿಮಿಷ ಬೇಕು. ಜೋರು ಗತಿಯದ್ದನ್ನು ಕೊನೆಗಿಡಿ.

ಸಮಯದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಹನ್ನೆರಡು ಮಕ್ಕಳು, ತಲಾ ಮೂರು ನಿಮಿಷ, ಒಟ್ಟು 36 ನಿಮಿಷ ಎಂದು ಹಾಕಿಕೊಳ್ಳುತ್ತಾರೆ. ನಡೆದು ಬರುವುದು, ಬೆಂಚು ಸರಿಪಡಿಸುವುದು, ಚಪ್ಪಾಳೆ ಎಲ್ಲ ಸೇರಿ ಒಬ್ಬರಿಗೆ ಇನ್ನೂ ಒಂದೂವರೆ ನಿಮಿಷ ಬೇಕು. ಅಲ್ಲಿಗೆ 54 ನಿಮಿಷ ಆಯಿತು. ಭಾಷಣಗಳು ಇದರ ಮೇಲೆ.

ಬಾಯಿಪಾಠವಲ್ಲ, ನೆನಪು

ಮನೆಯಲ್ಲಿ ಸಲೀಸಾಗಿ ನುಡಿಸುವವರು ವೇದಿಕೆಯಲ್ಲಿ ತಟ್ಟನೆ ನಿಂತುಬಿಡುವುದು ಯಾಕೆ? ಬೆರಳಿಗಷ್ಟೇ ನೆನಪಿದ್ದು ತಲೆಗೆ ಇಲ್ಲದಿರುವುದರಿಂದ. ಬೆರಳಿನ ನೆನಪು ಸರಪಳಿ ಇದ್ದ ಹಾಗೆ, ಒಂದು ಕೊಂಡಿ ಕಳಚಿದರೆ ಮೊದಲಿನಿಂದ ಶುರು ಮಾಡದೆ ಬೇರೆ ದಾರಿ ಇಲ್ಲ.

ಪರೀಕ್ಷಿಸುವುದು ಸುಲಭ. ಗತಿ ಎಣಿಸುವ ಯಂತ್ರ ಮೆಟ್ರೊನೋಮನ್ನು ಮಾಮೂಲಿ ಗತಿಯ ಅರ್ಧಕ್ಕೆ ಇಳಿಸಿ, ಪುಸ್ತಕ ಮುಚ್ಚಿ ನುಡಿಸಿ. ನಿಧಾನವಾದಾಗ ಬೆರಳಿನ ಅಭ್ಯಾಸ ಕೈಕೊಡುತ್ತದೆ. ಎಲ್ಲಿ ತಡವರಿಸಿದಿರೋ ಅಲ್ಲಿ ತಲೆಗೆ ಪಾಠ ಬಂದಿಲ್ಲ ಎಂದರ್ಥ. ಅಲ್ಲಿ ಎಡಗೈಯನ್ನು ಮಾತ್ರ, ಕಾಗದ ನೋಡದೆ, ಕಲಿಯಿರಿ. ಜನ ಬಲಗೈಯ ರಾಗವನ್ನು ಮರೆಯುವುದು ಅಪರೂಪ, ಮರೆಯುವುದು ಎಡಗೈಯನ್ನೇ.

ಮಕ್ಕಳ ಕಾರ್ಯಕ್ರಮಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಬೀಥೋವನ್‌ನ ‘ಫ್ಯೂರ್ ಎಲೀಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮುಖ್ಯ ರಾಗ ಹೋಗಿ ಹೋಗಿ ಮರಳುತ್ತದೆ. ಮೊದಲ ಸಲ ಮುಗಿದಾಗ ಎಫ್ ಮೇಜರ್‌ನ ಭಾಗಕ್ಕೆ ತಿರುಗಬೇಕು, ಎರಡನೇ ಸಲ ಎಡಗೈ ಒಂದೇ ‘ಎ’ ಸ್ವರವನ್ನು ಬಡಿಯುತ್ತಾ ಹೋಗುವ ಭಾಗಕ್ಕೆ, ಮೂರನೇ ಸಲ ಮುಕ್ತಾಯಕ್ಕೆ. ಮೂರು ಕಡೆಯೂ ರಾಗ ಒಂದೇ, ತಿರುವು ಮಾತ್ರ ಬೇರೆ. ಗಾಬರಿಯಲ್ಲಿ ಮಗು ಎರಡನೇ ತಿರುವನ್ನು ಮೂರನೇ ಸಲವೂ ತೆಗೆದುಕೊಂಡರೆ ಕೃತಿ ಸುತ್ತುತ್ತಲೇ ಇರುತ್ತದೆ. ಮದ್ದು ಇಷ್ಟೇ: ರಾಗದ ಕೊನೆಯ ಎರಡು ಬಾರ್ (ಬಾರ್ ಎಂದರೆ ಬರಹದಲ್ಲಿ ಗೆರೆಯಿಂದ ಗೆರೆಗಿರುವ ತಾಳದ ಒಂದು ಅಳತೆ) ಮತ್ತು ಮುಂದಿನ ಭಾಗದ ಮೊದಲ ಎರಡು ಬಾರ್, ಈ ನಾಲ್ಕನ್ನು ಮಾತ್ರ ಜೋಡಿಸಿ, ಮೂರು ತಿರುವನ್ನೂ ಬೇರೆ ಬೇರೆಯಾಗಿ ಸಾಧನೆ ಮಾಡಬೇಕು.

ಪ್ರತಿ ಕೃತಿಯಲ್ಲೂ ಎಂಟು ಅಥವಾ ಹದಿನಾರು ಬಾರ್‌ಗೊಂದು ಅಂಕಿ ಪೆನ್ಸಿಲ್‌ನಲ್ಲಿ ಬರೆಯಿರಿ. ಅದೇ ಅಂಕಿಗಳ ಚೀಟಿ ಮಾಡಿ ಡಬ್ಬಿಗೆ ಹಾಕಿ, ದಿನಕ್ಕೆ ನಾಲ್ಕು ಚೀಟಿ ಎತ್ತಿ, ಬಂದ ಅಂಕಿಯಿಂದಲೇ ನೇರ ಶುರು ಮಾಡಿ. ವೇದಿಕೆಯಲ್ಲಿ ತಪ್ಪಿದರೆ ಹಿಂದಕ್ಕೆ ಹೋಗದೆ ಮುಂದಿನ ಅಂಕಿಗೆ ಹಾರುವ ರೂಢಿ ಹೀಗೆ ಬರುತ್ತದೆ. ನಿಂತು, ಹಿಂದಿನಿಂದ ಮತ್ತೆ ನುಡಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಮುಂದಕ್ಕೆ ಹಾರಿದ್ದು ಗುರುಗಳನ್ನು ಬಿಟ್ಟರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಸಭಾಂಗಣದಲ್ಲಿ ಪಿಯಾನೊ ಇದ್ದರೆ

ಎರಡು ವಾರ ಮೊದಲೇ ಹೋಗಿ 88 ಕೀಗಳನ್ನೂ ಎಡದಿಂದ ಬಲಕ್ಕೆ ಒಂದೊಂದಾಗಿ, ತೀರಾ ಮೆಲ್ಲಗೆ ಒತ್ತಿ ನೋಡಿ. ಜೋರಾಗಿ ಬಡಿದರೆ ದೋಷ ಮುಚ್ಚಿಹೋಗುತ್ತದೆ. ಒತ್ತಿದ ಕೀ ಮೇಲೆ ಬರುತ್ತಿದೆಯೇ, ಮೆಲ್ಲಗೆ ಒತ್ತಿದಾಗಲೂ ಸ್ವರ ಹುಟ್ಟುತ್ತಿದೆಯೇ, ಬೆರಳು ತೆಗೆದೊಡನೆ ನಾದ ನಿಲ್ಲುತ್ತಿದೆಯೇ ಎಂದು ಗಮನಿಸಿ ಪಟ್ಟಿ ಮಾಡಿ. ಬಲತುದಿಯ ಸುಮಾರು ಇಪ್ಪತ್ತು ಸ್ವರಗಳು ಬೆರಳು ತೆಗೆದ ಮೇಲೂ ಗುಂಯ್‌ಗುಟ್ಟಿದರೆ ಹೆದರಬೇಡಿ. ಆ ಸಣ್ಣ ತಂತಿಗಳ ನಾದ ತಾನಾಗಿಯೇ ಬೇಗ ಆರುವುದರಿಂದ ಅವಕ್ಕೆ ಡ್ಯಾಂಪರ್ (ತಂತಿಯ ನಾದ ನಿಲ್ಲಿಸುವ ಒತ್ತು) ಇರುವುದೇ ಇಲ್ಲ.

ಮಳೆಗಾಲದಲ್ಲಿ ಕೀ ಅಂಟಿಕೊಳ್ಳುವುದು ಸಾಮಾನ್ಯ. ಮರವೂ ಕೀಲುಗಳ ಫೆಲ್ಟೂ (ಒತ್ತಿದ ಉಣ್ಣೆ ಬಟ್ಟೆ) ತೇವ ಹೀರಿ ಉಬ್ಬುತ್ತವೆ, ನಾದಫಲಕವೂ ಉಬ್ಬಿ ಶ್ರುತಿ ಏರುತ್ತದೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಇಳಿಯುತ್ತದೆ. ಅಂಟಿದ ಕೀಗೆ ಯಾರಾದರೂ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡಲು ಬಂದರೆ ತಡೆಯಿರಿ. ಎಣ್ಣೆ ಹೀರಿದ ಫೆಲ್ಟ್ ಹಾಳಾದಂತೆಯೇ.

ಟ್ಯೂನಿಂಗ್ ಕಾರ್ಯಕ್ರಮದ ಹಿಂದಿನ ದಿನ ಆಗಬೇಕು, ಅದೂ ಪಿಯಾನೊವನ್ನು ವೇದಿಕೆಯ ಮೇಲೆ ಅದರ ಜಾಗಕ್ಕೆ ತಂದಿಟ್ಟ ಮೇಲೆ. ವರ್ಷಗಟ್ಟಲೆ ಮುಟ್ಟದ ಪಿಯಾನೊ ಆದರೆ ಒಂದೇ ಸಲಕ್ಕೆ ಶ್ರುತಿ ನಿಲ್ಲುವುದಿಲ್ಲ. ಸುಮಾರು 230 ತಂತಿಗಳು ಸೇರಿ ಹದಿನೈದು, ಇಪ್ಪತ್ತು ಟನ್‌ನಷ್ಟು ಎಳೆಯುವ ವಾದ್ಯ ಅದು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲವಾಗುತ್ತದೆ. ಎರಡು ವಾರ ಮೊದಲು ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಮಾಡಿಸಿ. ಟ್ಯೂನರ್ ಬೆಂಗಳೂರಿನಿಂದ ಬರಬೇಕಾದರೆ ನಿಮ್ಮ ದೋಷಪಟ್ಟಿಯನ್ನು ಮೊದಲೇ ಕಳಿಸಿ, ಬೇಕಾದ ಬಿಡಿಭಾಗ ಹೊಂದಿಸಿಕೊಂಡು ಬರುತ್ತಾರೆ.

ಅಪ್‌ರೈಟ್ ಆದರೆ ನಡುವಿನ ಪೆಡಲ್ ಬಗ್ಗೆ ಮಕ್ಕಳಿಗೆ ಹೇಳಿಕೊಡಿ. ಹಲವು ಅಪ್‌ರೈಟ್‌ಗಳಲ್ಲಿ ಅದನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟ್ ಪಟ್ಟಿ ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೆರೆಮನೆಯವರಿಗೆ ಕೇಳದಂತೆ ಸಾಧನೆ ಮಾಡಲು ಇರುವ ಏರ್ಪಾಡು ಅದು. ವೇದಿಕೆಯಲ್ಲಿ ಕಾಲು ತಗುಲಿ ಆ ಪಟ್ಟಿ ಇಳಿದರೆ ಕಂಬಳಿ ಹೊದ್ದ ಸದ್ದು ಬರುತ್ತದೆ, ಯಾಕೆಂದು ಯಾರಿಗೂ ಹೊಳೆಯುವುದಿಲ್ಲ. ಗ್ರ್ಯಾಂಡ್ ಆದರೆ ನುಡಿಸುವವರ ಬಲಭಾಗ ಸಭಿಕರ ಕಡೆಗಿರಬೇಕು. ಮುಚ್ಚಳ ತೆರೆಯುವುದು ಆ ಕಡೆಗೇ.

ಕೀಬೋರ್ಡ್ ಇದ್ದರೆ

88 ಕೀ, ತೂಕದ ಕೀಗಳೇ (ನಿಜವಾದ ಪಿಯಾನೊದಂತೆ ಒತ್ತಲು ಭಾರವಿರುವವು) ಬೇಕೆಂದು ಬಾಡಿಗೆಯವರಿಗೆ ಸ್ಪಷ್ಟವಾಗಿ ಹೇಳಿ. ‘ದೊಡ್ಡ ಕೀಬೋರ್ಡ್’ ಎಂದರೆ 61 ಕೀಯದ್ದು ಬಂದೀತು. ಒಂಟಿ ಕಂಬಿಯ ಎಕ್ಸ್ ಆಕಾರದ ಸ್ಟ್ಯಾಂಡ್ ಜೋರಾಗಿ ನುಡಿಸಿದಾಗ ಓಲಾಡುತ್ತದೆ, ಜೋಡಿ ಕಂಬಿಯದ್ದು ಕೇಳಿ. ನುಣುಪು ಗ್ರಾನೈಟ್ ನೆಲದಲ್ಲಿ ಪೆಡಲ್ ಜಾರಿ ಓಡುವುದರಿಂದ ಅಡಿಗೆ ರಬ್ಬರ್ ಮ್ಯಾಟ್ ಹಾಕಿ, ಅದರ ಅಂಚನ್ನೂ ಟೇಪಿನಿಂದ ಅಂಟಿಸಿ.

ಪೆಡಲ್ ವೈರನ್ನು ಮೊದಲು ಚುಚ್ಚಿ, ಕಾಲು ಮುಟ್ಟಿಸದೆ, ಆಮೇಲೆ ಪವರ್ ಆನ್ ಮಾಡಿ. ಎಷ್ಟೋ ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ‘ಒತ್ತಿಲ್ಲ’ ಎಂದು ಹಿಡಿಯುತ್ತವೆ. ಆಗ ಕಾಲಿಟ್ಟಿದ್ದರೆ ಎಲ್ಲವೂ ತಿರುಗುಮುರುಗಾಗಿ, ಬಿಟ್ಟಾಗ ನಾದ ಎಳೆಯುತ್ತದೆ, ಒತ್ತಿದಾಗ ಕಡಿಯುತ್ತದೆ. ಟ್ರಾನ್ಸ್‌ಪೋಸ್ (ಶ್ರುತಿಯನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಸೊನ್ನೆಯಲ್ಲಿದೆಯೇ ನೋಡಿ. ಹಿಂದಿನ ದಿನ ಆರ್ಕೆಸ್ಟ್ರಾಕ್ಕೆ ಹೋಗಿ ಬಂದ ಕೀಬೋರ್ಡ್ ಆದರೆ ಇದನ್ನಂತೂ ಮರೆಯಬೇಡಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆಫ್ ಆಗುವ ಸೌಲಭ್ಯವನ್ನು ತೆಗೆದುಹಾಕಿ. ಹಲವು ಮಾದರಿಗಳಲ್ಲಿ ಅದು ಅರ್ಧ ಗಂಟೆ, ನಮ್ಮ ಮುಖ್ಯ ಅತಿಥಿಗಳ ಭಾಷಣ ಅದನ್ನು ಮೀರುವುದು ಕಷ್ಟವೇನಲ್ಲ. ಕರೆಂಟ್ ಹೋಗಿ ಜನರೇಟರ್ ಶುರುವಾಗುವಷ್ಟರಲ್ಲಿ ಕೀಬೋರ್ಡ್ ಸತ್ತು, ಸೆಟ್ಟಿಂಗ್‌ಗಳೂ ಅಳಿಯುತ್ತವೆ. ಕೀಬೋರ್ಡಿಗೆ ಕಂಪ್ಯೂಟರ್ ಯುಪಿಎಸ್ ಒಂದನ್ನು ಕೊಟ್ಟರೆ ಸಾಕು.

ಕೊನೆಯ ವಾರ

ಸಾಧನೆಯ ಹೊತ್ತನ್ನು ಕಡಿಮೆ ಮಾಡಿ, ಸನ್ನಿವೇಶ ಬದಲಿಸಿ. ಬೆಳಿಗ್ಗೆ ಎದ್ದು, ಬೆರಳು ಬಿಸಿ ಮಾಡಿಕೊಳ್ಳದೆ, ಇಡೀ ಕಾರ್ಯಕ್ರಮವನ್ನು ಒಂದೇ ಸಲ ನುಡಿಸಿ. ಒಂದು ದಿನ ಪಕ್ಕದ ಮನೆಯವರನ್ನು ಕರೆದು ಕೂರಿಸಿ, ಇನ್ನೊಂದು ದಿನ ಅಡುಗೆಮನೆಯಲ್ಲಿ ಮಿಕ್ಸಿ ಓಡಲಿ.

ಬಟ್ಟೆ ತೊಟ್ಟು ಅಭ್ಯಾಸ ಮಾಡುವುದನ್ನು ಬಿಡಬೇಡಿ. ಮನೆಯಲ್ಲಿ ಬರಿಗಾಲಲ್ಲಿ ಪೆಡಲ್ ಒತ್ತಿದವರಿಗೆ ಶೂ ಹಾಕಿದೊಡನೆ ಅದರ ಅಂದಾಜು ತಪ್ಪುತ್ತದೆ. ತೆಳು ಅಟ್ಟೆಯ, ಹಿಮ್ಮಡಿ ಎತ್ತರವಿಲ್ಲದ್ದು ಇರಲಿ. ರೇಷ್ಮೆ ಲಂಗದ ಅಂಚು ಪೆಡಲ್ ಅಡಿ ಸಿಕ್ಕಿಕೊಳ್ಳುತ್ತದೆ, ಗಾಜಿನ ಬಳೆ ಕೀಗಳ ಮುಂದಿನ ಮರಕ್ಕೆ ತಾಗಿ ಟಿಣ್ ಎನ್ನುವುದನ್ನು ಮೈಕ್ ಬಿಡದೆ ಹಿಡಿಯುತ್ತದೆ. ಉಗುರನ್ನು ಎರಡು ದಿನ ಮೊದಲೇ ಕತ್ತರಿಸಿ.

ಆ ದಿನ

ಕೂತಾಗ ಮುಂಗೈ ನೆಲಕ್ಕೆ ಸಮನಾಗಿರಬೇಕು, ಬೆಂಚಿನ ಮುಂದಿನ ಅರ್ಧದಲ್ಲಷ್ಟೇ ಕೂರಬೇಕು. ಎತ್ತರ ಸಾಲದಿದ್ದರೆ ಜಮಖಾನ ಮಡಿಸಿ ಹಾಕಿ. ಸ್ಪಂಜಿನ ದಿಂಬು ನುಡಿಸುತ್ತಾ ಕುಸಿಯುತ್ತದೆ. ಕಾಲು ನೆಲಕ್ಕೆ ಎಟುಕದ ಮಕ್ಕಳಿಗೆ ಊಟದ ಮಣೆ ಎರಡು ಜೋಡಿಸಿಟ್ಟರೆ ಆಯಿತು. ಕಾಗದ ನೋಡಿ ನುಡಿಸುವವರು ಹಾಳೆಗಳನ್ನು ರಟ್ಟಿಗೆ ಅಂಟಿಸಿಕೊಳ್ಳಿ. ವೇದಿಕೆಯ ಫ್ಯಾನ್‌ಗೆ ಶಾಸ್ತ್ರೀಯ ಸಂಗೀತದ ಮರ್ಯಾದೆ ತಿಳಿಯದು. ಲೈಟಿನವರಿಗೆ ಬಣ್ಣ ಬೇಡ, ಬಿಳಿ ಬೆಳಕು ಸಾಕು ಎನ್ನಿ.

ಖಾಲಿ ಸಭಾಂಗಣದಲ್ಲಿ ನಾದ ಗುಂಯ್‌ಗುಡುತ್ತದೆ, ಜನ ತುಂಬಿದ ಮೇಲೆ ಒಣಗುತ್ತದೆ. ಹಾಗಾಗಿ ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಕೇಳಿದ್ದನ್ನು ನಂಬಿ ಪೆಡಲ್ ತೀರಾ ಕಡಿಮೆ ಮಾಡಬೇಡಿ.

ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಬಲ್ಲವರು, 1940ರ ದಶಕದಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಆದರೂ ಮೈಸೂರಿನ ಸಭಿಕರ ಕಿವಿ ಪಳಗಿದ್ದು ಕರ್ನಾಟಕ ಸಂಗೀತಕ್ಕೆ. ಹಲವು ಭಾಗಗಳ ಕೃತಿಯಾದ ಸೊನಾಟಾದ ಒಂದು ಭಾಗ ಮುಗಿದೊಡನೆ ಚಪ್ಪಾಳೆ ಬೀಳಬಹುದು. ‘ಮೂರು ಭಾಗಗಳಿವೆ, ಕೊನೆಯಲ್ಲಿ ಕಲಾವಿದರು ಎದ್ದು ನಿಲ್ಲುತ್ತಾರೆ’ ಎಂದು ನಿರೂಪಕರಿಂದ ಮೊದಲೇ ಹೇಳಿಸಿ. ಹೇಳಿದ ಮೇಲೂ ಬಿದ್ದರೆ ಕೈಯನ್ನು ಕೀಗಳ ಮೇಲೇ ಇಟ್ಟುಕೊಂಡು ನಿಲ್ಲುವ ತನಕ ಕಾಯಿರಿ.

ಗಾಬರಿಯಲ್ಲಿ ಎದೆಬಡಿತ ಏರಿದಂತೆ ಗತಿಯೂ ಏರುತ್ತದೆ. ಶುರು ಮಾಡುವ ಮುನ್ನ ಕೃತಿಯ ಆರಂಭ ಬಿಟ್ಟು, ಅದರ ಅತಿ ಕಷ್ಟದ ಎರಡು ಬಾರ್‌ಗಳನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಅವನ್ನು ಯಾವ ಗತಿಯಲ್ಲಿ ನುಡಿಸಬಲ್ಲಿರೋ ಅದೇ ಗತಿಯಲ್ಲಿ ಮೊದಲ ಸ್ವರ ಹಿಡಿಯಿರಿ.