ತುಮಕೂರಲ್ಲಿ ಕೂತು ಅಟ್ಲಾಂಟಾದ ಬಡಾವಣೆ ಇತಿಹಾಸ ಹುಡುಕೋದು ಹೇಗೆ

ಅಮೆರಿಕದ ಅಟ್ಲಾಂಟಾ ಊರಲ್ಲಿ ಕಾಲಿಯರ್ ಹೈಟ್ಸ್ ಅಂತ ಒಂದು ಬಡಾವಣೆ, ಎರಡನೇ ಮಹಾಯುದ್ಧ ಆದ್ಮೇಲೆ ಕಪ್ಪು ಜನಾನೇ ಪ್ಲಾನ್ ಮಾಡಿ ಕಟ್ಕೊಂಡಿದ್ದು. ಮೊದ್ಲು ಆ ಕಾಲದ ಕ್ರಯಪತ್ರ ನೋಡಿ, ಕ್ಯಾತ್ಸಂದ್ರದಲ್ಲಿ ಸೈಟ್ ತಗೊಳ್ವಾಗ ಷರತ್ತೆಲ್ಲ ಓದ್ತೀವಲ್ಲ ಹಂಗೆ, ಎಷ್ಟೋ ಬಿಳಿಯರ ಬಡಾವಣೆ ಪತ್ರದಲ್ಲಿ ಕಪ್ಪು ಜನಕ್ಕೆ ಮಾರಂಗಿಲ್ಲ ಅಂತಾನೇ ಬರ್ದಿರುತ್ತೆ. ಇಂಥ ಷರತ್ತನ್ನ ಕೋರ್ಟುಗಳು ಜಾರಿ ಮಾಡಂಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಮನೆ ಮಾರೋದ್ರಲ್ಲಿ, ಬಾಡಿಗೆ ಕೊಡೋದ್ರಲ್ಲಿ ಭೇದಭಾವನೇ ನಿಷೇಧಿಸೋ ಕಾನೂನು ಬಂದಿದ್ದು 1968ಕ್ಕೆ, ಇಪ್ಪತ್ತು ವರ್ಷ ಸ್ವಾಮಿ!

ಆಮೇಲೆ 1950ರ ಜನಗಣತಿ ಹಾಳೆ, 2022ರಿಂದ ಆನ್‌ಲೈನಲ್ಲಿ ಫ್ರೀ, ಕಾಲಿಯರ್ ಹೈಟ್ಸ್‌ಗೆ ಬರೋ ಮುಂಚೆ ಯಾರು ಎಲ್ಲಿದ್ರು, ಏನ್ ಕೆಲಸ ಎಲ್ಲ ಸಿಗುತ್ತೆ, ಕೈಬರಹ ಮಾತ್ರ ಕೋಳಿಕಾಲು.

ಮನೆ ಫೋಟೋ ಸಿಕ್ರೆ ಬೇಸ್‌ಮೆಂಟ್ ಬಿಡ್ಬೇಡಿ, ಬಿಳಿಯರ ಹೋಟೆಲ್ ಕ್ಲಬ್ಬಿಗೆ ಸೇರಿಸ್ತಿರ್ಲಿಲ್ಲ, ಅದಕ್ಕೆ ಪಾರ್ಟಿ ರೂಮು, ಬಾರ್ ಕೌಂಟರ್ ಅಲ್ಲೇ ಮಾಡ್ಕೊಂಡಿದ್ರು.