ಬೊನೇರ್‌ನಲ್ಲಿ ಗಾಳಿ ನೋಡಿ ನೀರಿಗಿಳಿದೆವು

ಬೊನೇರ್ ದ್ವೀಪದಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ಪೂರ್ವದಿಂದಲೇ ಬೀಸುತ್ತದೆ. ಇದೊಂದು ಗೊತ್ತಿದ್ದರೆ ಸಾಕು, ಯಾವ ಆಟಕ್ಕೆ ಯಾವ ದಡ ಅನ್ನುವುದು ತಾನಾಗೇ ತಿಳಿಯುತ್ತದೆ. ಪೂರ್ವದ ದಡಕ್ಕೆ ದೊಡ್ಡ ಅಲೆಗಳು ಬಂದು ಅಪ್ಪಳಿಸುತ್ತವೆ. ಪಶ್ಚಿಮದ ಕಡೆ ನೀರು ಶಾಂತ. ನಾವು ಅಲ್ಲಿ ಮಾಡಿದ್ದೆಲ್ಲ ಈ ಲೆಕ್ಕದ ಮೇಲೆಯೇ.

ನಾವಿರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ವೆನೆಜುವೆಲಾದ ಉತ್ತರಕ್ಕಿರುವ ಈ 288 ಚದರ ಕಿಲೋಮೀಟರ್‌ನ ದ್ವೀಪ 2010ರಿಂದ ಡಚ್ಚರ ವಿಶೇಷ ಪುರಸಭೆ. ಆಮ್‌ಸ್ಟರ್‌ಡ್ಯಾಮ್‌ನಿಂದ ವಿಮಾನವಿದೆ, ಆದರೆ ಅಲ್ಲಿ ಓಡುವುದು ಅಮೆರಿಕದ ಡಾಲರ್. ನಾನು ಮೊದಲ ಸಲ ಸ್ಕೂಬಾ ಮಾಡಿದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ದೋಣಿಯಿಲ್ಲದೆ ಏನೂ ನಡೆಯುವುದಿಲ್ಲ. ಬೊನೇರ್‌ನಲ್ಲಿ ದೋಣಿಯೇ ಬೇಡ. ಬಾಡಿಗೆಗೆ ಒಂದು ಪಿಕಪ್ ಗಾಡಿ ತೆಗೆದುಕೊಂಡು, ಹಿಂದೆ ಉಸಿರಾಟದ ಗಾಳಿ ತುಂಬಿದ ಟ್ಯಾಂಕ್ ಹಾಕಿಕೊಂಡು ಪಶ್ಚಿಮದ ರಸ್ತೆಯಲ್ಲಿ ಹೊರಟರೆ ಆಯಿತು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿವೆ, ಅವುಗಳ ಮೇಲೆ ಜಾಗದ ಹೆಸರು ಬರೆದಿರುತ್ತದೆ. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು. ಗಾಡಿಯಲ್ಲಿ ಬೆಲೆಬಾಳುವುದು ಏನೂ ಬಿಡಬೇಡಿ.

ಮೊದಲ ದಿನವೇ ಎಲ್ಲಿ ಬೇಕೋ ಅಲ್ಲಿ ಧುಮುಕಲು ಬಿಡುವುದಿಲ್ಲ. ದ್ವೀಪದ ಸುತ್ತಲಿನ ಸಮುದ್ರವೆಲ್ಲ 1979ರಿಂದ ಸಂರಕ್ಷಿತ ಉದ್ಯಾನ, ಅದನ್ನು ನೋಡಿಕೊಳ್ಳುವುದು ಸ್ಟಿನಾಪಾ ಎಂಬ ಸಂಸ್ಥೆ. ಅದರ ಶುಲ್ಕ ಕಟ್ಟಬೇಕು, ನಿಯಮ ಕೇಳಿಸಿಕೊಳ್ಳಬೇಕು, ಡೈವ್ ಅಂಗಡಿಯ ಎದುರಿನ ನೀರಲ್ಲೇ ಒಂದು ಪರಿಚಯದ ಡೈವ್ ಮುಗಿಸಬೇಕು. ಕೈಗವಸು ಹಾಕುವಂತಿಲ್ಲ. ಕೈ ಬರಿದಾಗಿದ್ದರೆ ಯಾರೂ ಹವಳವನ್ನು ಹಿಡಿದುಕೊಳ್ಳಲು ಹೋಗುವುದಿಲ್ಲ. ನನಗೆ ಈ ನಿಯಮ ತುಂಬಾ ಹಿಡಿಸಿತು.

ದಡದಿಂದ ಇಳಿಯುವುದರಲ್ಲಿ ಕಷ್ಟದ ಕೆಲಸವೆಲ್ಲ ಮೊದಲ ಹತ್ತು ಹೆಜ್ಜೆಯಲ್ಲಿದೆ. ಅಲ್ಲಿ ಮರಳು ಕಡಿಮೆ. ಒಡೆದ ಹವಳದ ತುಂಡುಗಳು ಕಾಲಡಿ ಉರುಳುತ್ತವೆ, ಅದರಾಚೆ ಚೂಪು ಸುಣ್ಣಕಲ್ಲು. ಬೆನ್ನ ಮೇಲೆ ಟ್ಯಾಂಕ್, ಸೊಂಟಕ್ಕೆ ತೂಕ. ದಪ್ಪ ಅಡಿಯ ಬೂಟ್ಸ್ ಇಲ್ಲದೆ ಇದು ಆಗದ ಮಾತು. ನಾವು ಮೊದಲು ಬರಿಗೈಯಲ್ಲಿ ನಿಂತು ನಾಲ್ಕೈದು ನಿಮಿಷ ಅಲೆ ನೋಡುತ್ತಿದ್ದೆವು. ದೊಡ್ಡ ಅಲೆಗಳು ಒಟ್ಟೊಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ, ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಪಾದ ಎತ್ತದೆ ತಳ ತಡವುತ್ತಾ ಹೋಗುವುದು. "ರೀ, ಬಲಗಡೆ ಗುಂಡಿ ಇದೆ, ನೋಡಿ" ಅಂತ ನನ್ನ ಹೆಂಡತಿ ಮುಂದಿನಿಂದ ಹೇಳುತ್ತಿದ್ದಳು. ನೀರು ಎದೆಮಟ್ಟಕ್ಕೆ ಬಂದ ಕೂಡಲೇ ಬಿಸಿಡಿಗೆ, ಅಂದರೆ ತೇಲಲು ಮುಳುಗಲು ನೆರವಾಗುವ ಜಾಕೆಟ್‌ಗೆ, ಗಾಳಿ ತುಂಬಿ ತೇಲಿಕೊಂಡು, ಅಲ್ಲೇ ಪಾದಕ್ಕೆ ಈಜುವ ಫಿನ್ಸ್ ಹಾಕಿಕೊಳ್ಳುತ್ತಿದ್ದೆವು. ದಡದಲ್ಲೇ ಫಿನ್ಸ್ ಹಾಕಿ ನಡೆಯಲು ಹೋಗಬೇಡಿ.

ಆಮೇಲೆ ಎಲ್ಲ ಸುಲಭ. ದಡದಿಂದ ಸ್ವಲ್ಪ ದೂರ ಈಜಿದರೆ, ಸುಮಾರು ಹತ್ತು ಮೀಟರ್ ಆಳದಲ್ಲಿ ಹವಳದ ಇಳಿಜಾರು ಶುರುವಾಗುತ್ತದೆ. ಸೆಳೆತ ಯಾವ ಕಡೆ ಅಂತ ನೋಡಲು ಸಮುದ್ರ ಬೀಸಣಿಗೆ ಎಂಬ ಮೆದು ಹವಳಗಳನ್ನು ಗಮನಿಸುತ್ತಿದ್ದೆ, ಅವು ಬಾಗಿದ ಕಡೆಗೆ ನೀರು ಹೋಗುತ್ತಿರುತ್ತದೆ. ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರ ಜೊತೆಗೆ. ಟ್ಯಾಂಕ್‌ನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ದರೆ, ಅದು 130ಕ್ಕೆ ಇಳಿದಾಗ ಹಿಂದಕ್ಕೆ ತಿರುಗುತ್ತಿದ್ದೆವು. ಹೋಗುವಾಗ ಇಳಿಜಾರು ಎಡಕ್ಕಿದ್ದರೆ ಬರುವಾಗ ಬಲಕ್ಕಿರುತ್ತದೆ, ದಾರಿ ತಪ್ಪುವ ಮಾತೇ ಇಲ್ಲ. ಗಿಳಿಮೀನುಗಳು ಹವಳವನ್ನು ಕಡಿಯುವ ಕರಕರ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ನಾನು ಒಂದನ್ನು ಬಹಳ ಹೊತ್ತು ಹಿಂಬಾಲಿಸಿದೆ. ಕಡಿಯುತ್ತದೆ, ಮುಂದೆ ಹೋಗುತ್ತದೆ, ಹಿಂದಿನಿಂದ ಬಿಳಿ ಮರಳು ಉದುರಿಸುತ್ತದೆ. ಕೆರಿಬಿಯನ್ ಕಡಲತೀರಗಳ ಬಿಳಿ ಮರಳಿನಲ್ಲಿ ಎಷ್ಟೋ ಪಾಲು ಹೀಗೆ ಬಂದದ್ದೇ.

ದಕ್ಷಿಣಕ್ಕೆ ಹೋದರೆ 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಸರಕು ಹಡಗು ಪಕ್ಕಕ್ಕೆ ವಾಲಿ ಮಲಗಿದೆ. ಅದರೊಳಗೆ ಬಚ್ಚಿಟ್ಟಿದ್ದ ಗಾಂಜಾ ಸಿಕ್ಕಿ, ಹಡಗನ್ನು ತಡೆಹಿಡಿದಿದ್ದರು. ತಳ ಸುಮಾರು 30 ಮೀಟರ್ ಆಳದಲ್ಲಿದೆ, ಹೊಸಬರಿಗಲ್ಲ. ಇನ್ನೂ ಮುಂದೆ ಉಪ್ಪು ತುಂಬುವ ಕಟ್ಟೆ, ಸಾಲ್ಟ್ ಪಿಯರ್. ಹಡಗು ನಿಂತಿದ್ದರೆ ಅಲ್ಲಿ ಇಳಿಯುವಂತಿಲ್ಲ. ಅದೇ ರಸ್ತೆಯಲ್ಲಿ ಸಮುದ್ರಕ್ಕೆ ಮುಖಮಾಡಿ ಗುಲಾಮರ ಗುಡಿಸಲುಗಳಿವೆ. ಉಪ್ಪಿನ ಕೆಲಸದವರನ್ನು ಇಟ್ಟಿದ್ದ, ಬಗ್ಗಿ ತೆವಳಿಯೇ ಒಳಹೋಗಬೇಕಾದ ಕಲ್ಲಿನ ಗೂಡುಗಳು. ಡೈವ್ ಸಂತೋಷದಲ್ಲಿ ಅವನ್ನು ದಾಟಿ ಹೋಗಬೇಡಿ. ಇಳಿದು ನೋಡಿ.

ನೀರಿನೊಳಗೆ ಹೋಗಲು ಮನಸ್ಸಿಲ್ಲದವರಿಗೆ ಪೂರ್ವದ ಲಾಕ್ ಕೊಲ್ಲಿ ಇದೆ. ಆಚೆ ಹವಳದ ದಿಬ್ಬವೊಂದು ಅಲೆಗಳನ್ನು ತಡೆಯುತ್ತದೆ, ಗಾಳಿ ಮಾತ್ರ ಪೂರ್ತಿ ಒಳಗೆ ಬರುತ್ತದೆ. ಅಲ್ಲಿನ ಸೊರೊಬೊನ್ ಕಡಲತೀರದ ಹತ್ತಿರ ನೀರು ಸೊಂಟದವರೆಗೆ ಅಷ್ಟೇ. ಬಿದ್ದರೂ ಗಾಳಿ ದಡದ ಕಡೆಗೇ ತಳ್ಳುತ್ತದೆ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುವ ವಿಂಡ್‌ಸರ್ಫಿಂಗ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ಟಾಟಿ ಫ್ರಾನ್ಸ್, ಕಿರಿ ತೋಡೆ ತರಹದ ಆಟಗಾರರು ಇದೇ ದ್ವೀಪದವರು. ಕಲಿಸುವವರು ನನಗೆ ಪದೇ ಪದೇ ಹೇಳಿದ್ದು ಒಂದೇ: ಹಾಯಿಯನ್ನು ಸೊಂಟ ಬಗ್ಗಿಸಿ ಎಳೆಯಬೇಡ, ಹಗ್ಗ ಹಿಡಿದು ಬೆನ್ನು ನೆಟ್ಟಗಿಟ್ಟು ಹಿಂದಕ್ಕೆ ವಾಲು. ಹಾಗೆ ಮಾಡಿದಾಗ ಹಾಯಿಯ ಮೇಲಿನ ನೀರು ಜಾರಿ, ಅದು ತಾನಾಗಿ ಹಗುರವಾಗಿ ಎದ್ದಿತು.

ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ಸಾಗುವ ಕೈಟ್‌ಸರ್ಫಿಂಗ್ ಬೇರೆ ಕಥೆ. ಅದು ನಡೆಯುವುದು ನೈಋತ್ಯದ ದಡದಲ್ಲಿ, ಅಲ್ಲಿ ಗಾಳಿ ನಿಮ್ಮನ್ನು ಸಮುದ್ರದ ಒಳಕ್ಕೆ ಒಯ್ಯುತ್ತದೆ. ಹಿಂಬಾಲಿಸುವ ದೋಣಿ ಇಲ್ಲದೆ ಯಾರೂ ಇಳಿಯಬಾರದು. ನಾವು ದಡದಲ್ಲಿ ನಿಂತು ನೋಡಿದೆವು ಅಷ್ಟೇ.

ಗಾಳಿ ತಿರುಗುವ ದಿನಗಳೂ ಇವೆ. ಚಂಡಮಾರುತಗಳು ಸಾಮಾನ್ಯವಾಗಿ ಬೊನೇರ್‌ನ ಉತ್ತರಕ್ಕೆ ಹಾದುಹೋಗುತ್ತವೆ. ಆಗ ಕೆಲವೊಮ್ಮೆ ಪಶ್ಚಿಮದಿಂದ ಅಲೆ ಬರುತ್ತದೆ. 1999ರಲ್ಲಿ ಲೆನ್ನಿ ಚಂಡಮಾರುತದ ಅಲೆ ಹಾಗೆ ಬಂದು ಪಶ್ಚಿಮದ ಹವಳವನ್ನು ಪುಡಿಮಾಡಿತ್ತು. ಅಂಥ ದಿನ ಡೈವ್ ಬಿಟ್ಟು ವಾಷಿಂಗ್ಟನ್ ಸ್ಲಾಗ್‌ಬಾಯ್ ಉದ್ಯಾನಕ್ಕೆ ಹೋಗಿ, 241 ಮೀಟರ್‌ನ ಬ್ರಾಂಡಾರಿಸ್ ಬೆಟ್ಟ ಹತ್ತಿ. ಬೆಳಗ್ಗೆ ಬೇಗ ಹೊರಡಿ, ಪಾಪಾಸುಕಳ್ಳಿ ಬಿಟ್ಟರೆ ನೆರಳು ಅನ್ನುವಂಥದ್ದು ಏನೂ ಇಲ್ಲ. ನೀರು ಜಾಸ್ತಿ ಒಯ್ಯಿರಿ.

2023ರಲ್ಲಿ ಗಟ್ಟಿ ಹವಳಗಳ ಜೀವಕೋಶವನ್ನೇ ಕರಗಿಸುವ ರೋಗ ಇಲ್ಲಿಗೂ ಬಂತು. ಮೆದುಳಿನಾಕಾರದ ಹವಳವೊಂದರಲ್ಲಿ ಅರ್ಧ ಕಂದು, ಅರ್ಧ ಬಿಳಿ ಇರುವುದನ್ನು ನೋಡಿದೆ. ಬಿಳಿ ಭಾಗದಲ್ಲಿ ಜೀವವಿರುವುದಿಲ್ಲ. ನೋಡಿ ಹೊಟ್ಟೆ ಉರಿಯಿತು. ಅದಕ್ಕೇ ಪ್ರತಿದಿನ ಉಡುಪು, ಬಿಸಿಡಿ, ಬೂಟ್ಸ್ ಎಲ್ಲವನ್ನೂ ಡೈವ್ ಅಂಗಡಿಯ ಸೋಂಕುನಿವಾರಕ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಿದ್ದೆವು. ದಣಿದಿದ್ದರೂ ಇದನ್ನು ಬಿಡಬೇಡಿ.

ಹೊರಡುವ ಮುಂಚಿನ ದಿನದ ಲೆಕ್ಕವೂ ಇದೆ. ಸತತ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು, ಇಲ್ಲದಿದ್ದರೆ ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ನಾವು ಆ ಹೊತ್ತನ್ನು ಲಾಕ್‌ನ ಕಾಂಡ್ಲಾ ಕಾಡಿನಲ್ಲಿ ಕಯಾಕ್ ಓಡಿಸುವುದಕ್ಕೆ ಇಟ್ಟುಕೊಂಡೆವು. ಬೇರುಗಳ ನಡುವೆ ಬೆರಳುದ್ದದ ಮರಿಮೀನುಗಳು ಹಿಂಡುಹಿಂಡಾಗಿದ್ದವು. ಹೊರಗೆ ಹವಳದಲ್ಲಿ ಕಾಣುವ ಎಷ್ಟೋ ಮೀನುಗಳು ಬೆಳೆಯುವುದು ಇಲ್ಲೇ. ಮಾರ್ಗದರ್ಶಕರ ಜೊತೆಗೇ ಹೋಗಿ, ಕಾಲುವೆಗಳು ಕಿರಿದಾಗಿವೆ, ಒಂದರಂತೆಯೇ ಇನ್ನೊಂದು.